ಅಳೆದು ಸುರಿದು ಕಟ್ಟಬೇಕಾದ ಎಂಜಿನ್: ಹೊಸ ಸಾಮಾನು ಹಾಕಿದ ಮೇಲೂ ಅದು ಮುರಿಯುವುದೇಕೆ?

ಕಳೆದ ಮಳೆಗಾಲದ ಒಂದು ಭಾನುವಾರ ಪರಿಚಯದವರೊಬ್ಬರು ಭೋಸರಿಯ ನಮ್ಮ ಮನೆಗೆ ಬಂದರು. ಇಂಡಿ ಕಡೆಯವರು, ಪುಣೆಯಲ್ಲಿ ನೆಲೆಸಿ ಬಹಳ ವರ್ಷಗಳಾಗಿವೆ. ಅವರ ಕೈಯಲ್ಲಿ ಬಟ್ಟೆಯ ಚೀಲವಿತ್ತು. ಊರಿನಿಂದ ನಿಂಬೆಹಣ್ಣು ತಂದಿರಬೇಕು ಎಂದುಕೊಂಡೆ. ಆದರೆ ಹೊರಬಂದದ್ದು ಮೇಲಂಚು ಒಡೆದ ಒಂದು ಪಿಸ್ಟನ್ ಮತ್ತು ದಿನಪತ್ರಿಕೆಯಲ್ಲಿ ಸುತ್ತಿದ ಉಕ್ಕಿನ ರಿಂಗ್‌ನ ಚೂರುಗಳು.

ಅವರ ಮಗ ತನ್ನ ಹಳೆಯ ಎಸ್ಟೀಮ್ ಕಾರಿನ 1.3 ಲೀಟರ್ ಎಂಜಿನ್ನನ್ನು ಬಿಚ್ಚಿಸಿ, ಫೋರ್ಜ್ಡ್, ಅಂದರೆ ಬಡಿದು ಗಟ್ಟಿಮಾಡಿದ ಪಿಸ್ಟನ್ ಹಾಕಿಸಿ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಕೂರಿಸಿದ್ದ. ಎರಡು ವರ್ಷದ ಉಳಿತಾಯವೆಲ್ಲ ಅದಕ್ಕೇ ಹೋಗಿತ್ತು. ನಾನೂರು ಕಿಲೋಮೀಟರ್ ಓಡುವಷ್ಟರಲ್ಲಿ ಖಂಬಾಟ್ಕಿ ಘಾಟಿನಲ್ಲಿ ನೀಲಿ ಹೊಗೆ ಉಗುಳಿ ಗಾಡಿ ನಿಂತುಬಿಟ್ಟಿತು. ತಂದೆ ಕೇಳಿದ್ದು ಒಂದೇ ಪ್ರಶ್ನೆ: "ಹಳೆಯ ಸಾಮಾನು ಹದಿನೈದು ವರ್ಷ ಓಡಿತು. ಅದಕ್ಕಿಂತ ಗಟ್ಟಿಯಾದ ಹೊಸ ಸಾಮಾನು ಹದಿನೈದು ದಿನ ತಾಳಲಿಲ್ಲವಲ್ಲ, ಯಾಕೆ?"

ಯಂತ್ರದ ಬಿಡಿಭಾಗಗಳನ್ನು ಅಳೆಯುವುದೇ ನನ್ನ ಹೊಟ್ಟೆಪಾಡು. ಪಿಂಪ್ರಿ–ಚಿಂಚವಾಡ, ಚಾಕಣ ಭಾಗದ ಕಾರ್ಖಾನೆಗಳಲ್ಲಿ ದುಡಿಯುವ ವಿಜಯಪುರ, ಕಲಬುರಗಿ ಕಡೆಯ ಅನೇಕ ಮನೆಗಳಲ್ಲಿ ಈಗ ಇಂಥ ಆಸೆಯ ಹುಡುಗರಿದ್ದಾರೆ. ಅವರ ಹೆತ್ತವರಿಗೂ ಅರ್ಥವಾಗುವಂತೆ ಆ ಪ್ರಶ್ನೆಗೆ ಉತ್ತರ ಬರೆಯಬೇಕೆನ್ನಿಸಿತು.

ಶಕ್ತಿ ಎಲ್ಲಿಂದ ಬರುತ್ತದೆ

ಎಂಜಿನ್ ಮೂಲತಃ ಗಾಳಿ ಸೇದುವ ಯಂತ್ರ. ಸಿಲಿಂಡರ್ ಎಂಬ ಕೊಳವೆಯಲ್ಲಿ ಪಿಸ್ಟನ್ ಸೈಕಲ್ ಪಂಪಿನ ಹಿಡಿಕೆಯಂತೆ ಮೇಲೆ ಕೆಳಗೆ ಆಡುತ್ತದೆ. ಕೆಳಗಿಳಿಯುವಾಗ ಗಾಳಿಯೂ ಪೆಟ್ರೋಲೂ ಒಳಬರುತ್ತವೆ. ಮೇಲೇರುವಾಗ ಆ ಮಿಶ್ರಣವನ್ನು ಒತ್ತುತ್ತದೆ. ಸ್ಪಾರ್ಕ್ ಪ್ಲಗ್‌ನ ಕಿಡಿಗೆ ಅದು ಉರಿದು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಆ ನೂಕುಬಲ ಕನೆಕ್ಟಿಂಗ್ ರಾಡ್ ಮೂಲಕ ಕ್ರ್ಯಾಂಕ್‌ಶಾಫ್ಟ್ ಎಂಬ ಡೊಂಕು ಅಚ್ಚಿಗೆ ಹೋಗಿ ತಿರುಗುವ ಶಕ್ತಿಯಾಗುತ್ತದೆ. ನಮ್ಮ ಹುಡುಗನ ಎಂಜಿನ್ನಿನಲ್ಲಿ ಸಿಲಿಂಡರಿನ ವ್ಯಾಸ 74 ಮಿ.ಮೀ., ಪಿಸ್ಟನ್ ಓಡಾಡುವ ದೂರ 75.5 ಮಿ.ಮೀ. ನಾಲ್ಕು ಸಿಲಿಂಡರ್ ಸೇರಿ 1298 ಸಿಸಿ.

ಹೆಚ್ಚು ಶಕ್ತಿ ಬೇಕೆಂದರೆ ಮುಖ್ಯವಾಗಿ ಎರಡು ದಾರಿ. ಪ್ರತಿ ಸಲ ಹೆಚ್ಚು ಗಾಳಿ ತುಂಬಬೇಕು, ಇಲ್ಲವೇ ನಿಮಿಷಕ್ಕೆ ಹೆಚ್ಚು ಸಲ ತುಂಬಬೇಕು. ಟರ್ಬೊ ಮೊದಲನೆಯದನ್ನು ಮಾಡುತ್ತದೆ: ವಾತಾವರಣದ ಒತ್ತಡದ ಮೇಲೆ ಇನ್ನರ್ಧ ಬಾರ್, ಅಂದರೆ ಅದರ ಸುಮಾರು ಅರ್ಧದಷ್ಟು, ಒತ್ತಿದರೆ ಹತ್ತಿರ ಹತ್ತಿರ ಒಂದೂವರೆ ಪಟ್ಟು ಗಾಳಿ ಒಳಸೇರುತ್ತದೆ, ಅದಕ್ಕೆ ತಕ್ಕಷ್ಟು ಬೆಂಕಿಯೂ ಹುಟ್ಟುತ್ತದೆ. ಎರಡನೆಯ ದಾರಿಯ ಲೆಕ್ಕ ಇನ್ನೂ ಕಠಿಣ. ನಿಮಿಷಕ್ಕೆ 6,000 ಸುತ್ತು ತಿರುಗುವ ಎಂಜಿನ್ನನ್ನು 7,000ಕ್ಕೆ ಏರಿಸಿದರೆ ವೇಗ ಹೆಚ್ಚುವುದು ಆರರಲ್ಲಿ ಒಂದು ಪಾಲು ಮಾತ್ರ. ಆದರೆ ರಾಡನ್ನು ಜಗ್ಗುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಶೇ 36ರಷ್ಟು ಹೆಚ್ಚುತ್ತದೆ. ಮೊದಲು ಸಹಿಸಿಕೊಳ್ಳುತ್ತಿದ್ದ ಸಣ್ಣ ತಪ್ಪನ್ನು ಎಂಜಿನ್ ಆಮೇಲೆ ಸಹಿಸುವುದಿಲ್ಲ.

ಒಂದೊಂದೂ ಸರಿ, ಒಟ್ಟಿಗೆ ತಪ್ಪು

ಕಾರ್ಖಾನೆಯಲ್ಲಿ ಪಿಸ್ಟನ್‌ಗಳನ್ನೂ ಸಿಲಿಂಡರ್‌ಗಳನ್ನೂ ಅಳೆದು, ದರ್ಜೆ ಬರೆದು, ಜೋಡಿ ಕೂಡಿಸುತ್ತಾರೆ. ಜಾತಕ ನೋಡಿ ಮದುವೆ ಮಾಡಿದಂತೆ. ಬದಲಿಸಿ ಕಟ್ಟುವ ಎಂಜಿನ್ನಿನಲ್ಲಿ ಪಿಸ್ಟನ್ ಒಂದು ದೇಶದಿಂದ, ರಾಡ್ ಇನ್ನೊಂದು ದೇಶದಿಂದ, ಎರಡು ಭಾಗಗಳ ನಡುವೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಎಂಬ ತೆಳು ಹಾಳೆ ನಾನಾ ಪೇಠೆಯ ಅಂಗಡಿಯಿಂದ ಬರುತ್ತದೆ. ಪ್ರತಿಯೊಂದೂ ತನ್ನ ತನ್ನ ನಕ್ಷೆಗೆ ಸರಿಯಾಗಿಯೇ ಇರುತ್ತದೆ. ಆದರೆ ಅವು ಪರಸ್ಪರ ಹೊಂದುತ್ತವೆಯೇ ಎಂದು ಯಾವ ತಯಾರಕರೂ ನೋಡಿರುವುದಿಲ್ಲ. ನೋಡಬೇಕಾದವರು ಎಂಜಿನ್ ಕಟ್ಟುವವರು. ಗುಣಮಟ್ಟ ಪರೀಕ್ಷೆ ಎಂದರೆ ಈ ಕೆಲಸವೇ.

ಕೂದಲೆಳೆಯ ಲೆಕ್ಕ

ಗ್ಯಾರೇಜಿನವರ ಬಾಯಲ್ಲಿ 'ಥೌ' ಎಂಬ ಮಾತು ಕೇಳಿರುತ್ತೀರಿ. ಅದು ಇಂಚಿನ ಸಾವಿರದ ಒಂದು ಪಾಲು, ಸುಮಾರು 0.025 ಮಿ.ಮೀ. ನಮ್ಮ ತಲೆಗೂದಲಿನ ದಪ್ಪ ಹೆಚ್ಚುಕಡಿಮೆ ಮೂರು ಥೌ. ಎಂಜಿನ್ನಿನ ಆಯುಷ್ಯ ನಿರ್ಧಾರವಾಗುವುದು ಇದಕ್ಕಿಂತ ಸಣ್ಣ ಅಂತರಗಳಲ್ಲಿ.

ಕ್ರ್ಯಾಂಕ್‌ಶಾಫ್ಟನ್ನು ಹಿಡಿದಿಡುವ ಬೇರಿಂಗನ್ನೇ ನೋಡಿ. ಶಾಫ್ಟ್ ಲೋಹದ ಮೇಲೆ ತಿರುಗುವುದಿಲ್ಲ, ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತದೆ. ಸೋಪಿನ ನೀರು ಚೆಲ್ಲಿದ ಗಚ್ಚಿನ ಮೇಲೆ ಚಪ್ಪಲಿ ಜಾರುವುದಿಲ್ಲವೇ, ಅದೇ ರೀತಿ. ಶಾಫ್ಟಿನ ವ್ಯಾಸದ ಪ್ರತಿ ಇಂಚಿಗೆ ಒಂದು ಥೌ ಅಂತರ ಎಂಬುದು ಕಸುಬಿನ ಹಳೆಯ ಸೂತ್ರ. 45 ಮಿ.ಮೀ. ಶಾಫ್ಟಿಗೆ 0.045 ಮಿ.ಮೀ. ಅಂತರ ಕಡಿಮೆಯಾದರೆ ಆಯಿಲ್ ನುಗ್ಗುವುದಿಲ್ಲ, ಹೆಚ್ಚಾದರೆ ನಿಲ್ಲುವುದಿಲ್ಲ. ಎರಡರಲ್ಲೂ ಬೇರಿಂಗ್ ಸುಟ್ಟುಹೋಗುತ್ತದೆ.

ಸಿಲಿಂಡರನ್ನು ಒಂದೇ ಕಡೆ ಅಳೆದರೆ ಸಾಲದು. ಮೇಲೆ, ನಡುವೆ, ಕೆಳಗೆ ಎಂದು ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಅಳೆಯಬೇಕು. ಆಗಲೇ ಕೊಳವೆ ಮೊಟ್ಟೆಯಂತೆ ಚಪ್ಪಟೆಯಾಗಿದೆಯೇ, ಬಕೆಟ್ಟಿನಂತೆ ಒಂದು ಕಡೆ ಅಗಲವಾಗಿದೆಯೇ ಎಂಬುದು ಗೊತ್ತಾಗುತ್ತದೆ. ಪಿಸ್ಟನ್ನೂ ಕಣ್ಣಿಗೆ ಕಾಣುವಷ್ಟು ದುಂಡಗಿರುವುದಿಲ್ಲ. ಬಿಸಿಯಾದಾಗ ದುಂಡಗಾಗಲೆಂದು ತಣ್ಣಗಿರುವಾಗ ತುಸು ಅಂಡಾಕಾರವಾಗಿಯೇ ಮಾಡಿರುತ್ತಾರೆ. ಆದ್ದರಿಂದ ತಯಾರಕರು ಹೇಳಿದ ಎತ್ತರದಲ್ಲಿ, ಹೇಳಿದ ದಿಕ್ಕಿನಲ್ಲಿ ಅಳೆದರೆ ಮಾತ್ರ ಆ ಅಳತೆಗೆ ಅರ್ಥ.

ಇಲ್ಲಿ ಪುಣೆಯ ಬಿಸಿಲಿನದೂ ಒಂದು ಪಾತ್ರವಿದೆ. ಜಗತ್ತಿನಾದ್ಯಂತ ನಿಖರ ಅಳತೆಗೆ ಒಪ್ಪಿಕೊಂಡಿರುವ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನ ಬಾಗಿಲಲ್ಲಿ ಬಿಸಿಲಿಗೆ ಬಿದ್ದಿರುವ 74 ಮಿ.ಮೀ. ಅಲ್ಯೂಮಿನಿಯಂ ಪಿಸ್ಟನ್ 20 ಡಿಗ್ರಿ ಹೆಚ್ಚು ಕಾದರೆ 0.034 ಮಿ.ಮೀ. ಹಿಗ್ಗುತ್ತದೆ. ಎರಕದ ಪಿಸ್ಟನ್‌ಗಳಿಗೆ ಗೋಡೆಯಿಂದ ಇರಬೇಕಾದ ಅಂತರವೇ ಅನೇಕ ಎಂಜಿನ್‌ಗಳಲ್ಲಿ ಅಷ್ಟು. ಅಂದರೆ ಪಿಸ್ಟನ್ ಬಿಸಿಲಲ್ಲೂ ಸಿಲಿಂಡರ್‌ಗಳಿರುವ ಬ್ಲಾಕ್ ನೆರಳಲ್ಲೂ ಇದ್ದಾಗ ಅಳೆದವನು ಅಳೆದೇ ಇಲ್ಲ ಎಂದು ತಿಳಿಯಬೇಕು. ಎರಡನ್ನೂ ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಅಳೆಯುವುದಕ್ಕೆ ಕಾಸು ಖರ್ಚಿಲ್ಲ.

ಚೀಲದಲ್ಲಿದ್ದ ರಿಂಗ್ ಹೇಳಿದ್ದು

ಪಿಸ್ಟನ್ ಸುತ್ತಲಿನ ತೋಡಿನಲ್ಲಿ ಕೂರುವ ರಿಂಗ್, ಬೆಂಕಿಯ ಒತ್ತಡ ಕೆಳಗೆ ಸೋರದಂತೆ ತಡೆಯುತ್ತದೆ. ಅದು ಪೂರ್ತಿ ಬಳೆಯಲ್ಲ, ಒಂದು ಕಡೆ ಕತ್ತರಿಸಿರುತ್ತಾರೆ. ಆ ಎರಡು ತುದಿಗಳ ನಡುವೆ ಸಣ್ಣ ಸಂದು ಇರಲೇಬೇಕು. ರೈಲು ಹಳಿಗಳ ಜೋಡಣೆಯಲ್ಲಿ ಸಂದು ಬಿಡುವುದೂ ಇದೇ ಕಾರಣಕ್ಕೆ: ಕಾದ ಲೋಹ ಹಿಗ್ಗಲು ಜಾಗ ಬೇಕು.

ಎಷ್ಟು ಜಾಗ? 74 ಮಿ.ಮೀ. ರಿಂಗ್‌ನ ಸುತ್ತಳತೆ ಸುಮಾರು 232 ಮಿ.ಮೀ. ಸಿಲಿಂಡರ್ ಗೋಡೆಗಿಂತ ರಿಂಗ್ 100 ಡಿಗ್ರಿ ಹೆಚ್ಚು ಕಾದರೆ ಅದರ ಉದ್ದ ಗೋಡೆಗಿಂತ ಕಾಲು ಮಿಲಿಮೀಟರಿನಷ್ಟು ಹೆಚ್ಚು ಬೆಳೆಯುತ್ತದೆ. ಅದಕ್ಕೇ ಟರ್ಬೊ ಇಲ್ಲದ ಎಂಜಿನ್ನಿಗೆ ವ್ಯಾಸದ ಪ್ರತಿ ಇಂಚಿಗೆ 4 ಥೌ, ಅಂದರೆ ಇಲ್ಲಿ ಸುಮಾರು 0.30 ಮಿ.ಮೀ. ಸಂದು ಬಿಡುವುದು ವಾಡಿಕೆ. ಟರ್ಬೊ ಇದ್ದರೆ ಶಾಖ ಹೆಚ್ಚು, 0.40 ಮಿ.ಮೀ. ಆಸುಪಾಸು ಬೇಕು. ಖಚಿತ ಅಂಕಿಯನ್ನು ಪಿಸ್ಟನ್ ತಯಾರಕರ ಹಾಳೆಯಿಂದಲೇ ತೆಗೆದುಕೊಳ್ಳಬೇಕು.

ಚೂರುಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ರಿಂಗ್ ಮೈಯೆಲ್ಲ ಮಸಿ ಬಣ್ಣಕ್ಕೆ ತಿರುಗಿತ್ತು. ಎರಡು ತುದಿಗಳ ಮುಖಗಳು ಮಾತ್ರ ಹೊಸ ನಾಣ್ಯದಂತೆ ಹೊಳೆಯುತ್ತಿದ್ದವು. ಪರಸ್ಪರ ಗುದ್ದಿಕೊಂಡ ತುದಿಗಳಿಗೆ ಮಾತ್ರ ಆ ಹೊಳಪು ಬರುತ್ತದೆ. ಮರುದಿನ ಸಂಜೆ ಹುಡುಗ ಹಾಳಾಗದ ಇನ್ನೊಂದು ಸಿಲಿಂಡರಿನ ರಿಂಗ್ ತೆಗೆದು ತಂದ. ಅದನ್ನು ಬ್ಲಾಕಿನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ನೆಟ್ಟಗೆ ಕೆಳಗೆ ದೂಡಿ, ಸಂದಿಗೆ ಫೀಲರ್ ಗೇಜ್ ಎಂಬ ತೆಳು ತಗಡಿನ ಎಲೆ ತೂರಿಸಿದೆವು. 0.20ರ ಎಲೆ ಹೋಯಿತು, 0.25ರ ಎಲೆ ಹೋಗಲಿಲ್ಲ. ಬೇಕಾದದ್ದು 0.40. ಪೊಟ್ಟಣದಿಂದ ತೆಗೆದ ರಿಂಗನ್ನು ಅಳೆಯದೆ ಹಾಗೇ ತೊಡಿಸಿದ್ದರು.

ಘಾಟಿನ ಏರಿನಲ್ಲಿ ಟರ್ಬೊ ಬಹಳ ಹೊತ್ತು ಒತ್ತಿದಾಗ ಸಂದು ಮುಚ್ಚಿದೆ. ಹಿಗ್ಗಲು ಜಾಗವಿಲ್ಲದ ರಿಂಗ್ ಗೋಡೆಯನ್ನು ಕೆರೆದು, ಸಿಕ್ಕಿಕೊಂಡು, ಪಿಸ್ಟನ್ನಿನ ಮೇಲಂಚನ್ನೇ ಕಿತ್ತುಕೊಂಡಿದೆ. ಪಿಸ್ಟನ್ನಿನಲ್ಲಿ ದೋಷವಿರಲಿಲ್ಲ. ಸಣ್ಣ ಕೈ ಅರದಿಂದ ರಿಂಗ್ ತುದಿ ಉಜ್ಜಿ ಸಂದು ಹೆಚ್ಚಿಸುವ, ಒಂದು ಸಿಲಿಂಡರಿಗೆ ಹದಿನೈದು ನಿಮಿಷದ ಕೆಲಸ ತಪ್ಪಿತ್ತು, ಅಷ್ಟೇ. ಇದನ್ನು ಹೇಳುವಾಗ ಆ ತಂದೆಯ ಮುಖ ನೋಡುವುದು ನನಗೆ ಕಷ್ಟವಾಯಿತು.

ತೊಳೆಯುವುದು, ಬಿಗಿಯುವುದು, ಜೇಡಿ ಮೆತ್ತುವುದು

ಸಿಲಿಂಡರ್ ಗೋಡೆಯ ಮೇಲೆ ಆಯಿಲ್ ನಿಲ್ಲಲೆಂದು ಸಾಣೆಕಲ್ಲಿನಿಂದ ಅಡ್ಡಡ್ಡ ಗೆರೆ ಎಳೆಯುತ್ತಾರೆ. ಇದಕ್ಕೆ ಹೋನಿಂಗ್ ಎನ್ನುತ್ತಾರೆ. ಆ ಕಲ್ಲಿನ ಪುಡಿ ಗೆರೆಗಳಲ್ಲಿ ಕೂತುಬಿಡುತ್ತದೆ. ಪೆಟ್ರೋಲಿನಿಂದ ಒರೆಸಿದರೆ ಅದು ಹೊರಬರುವುದಿಲ್ಲ. ಬಿಸಿನೀರು, ಸೋಪು, ಬ್ರಷ್ ಹಿಡಿದು ಉಜ್ಜಿ ತೊಳೆದು, ಒಣಗಿಸಿ, ಆಯಿಲ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆಗೆ ಬೂದುಬಣ್ಣ ಹತ್ತುವುದು ನಿಲ್ಲುವವರೆಗೂ ತೊಳೆಯುತ್ತಲೇ ಇರಬೇಕು. ಬಿಟ್ಟ ಪುಡಿ ಹೊಸ ಬೇರಿಂಗನ್ನು ಉಪ್ಪುಕಾಗದದಂತೆ ತಿನ್ನುತ್ತದೆ.

ಬೋಲ್ಟ್ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಬೋಲ್ಟ್ ಎಂದರೆ ಬಿಗಿಯಾದ ಸ್ಪ್ರಿಂಗ್. ಅದು ಹಿಡಿದುಕೊಳ್ಳುವುದು ತುಸು ಎಳೆದುಕೊಂಡದ್ದರಿಂದ, ತಿರುಗಿಸಿದ್ದರಿಂದಲ್ಲ. ನಾವು ಪಾನಾದಲ್ಲಿ ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಶೇ 90 ತಿಕ್ಕಾಟಕ್ಕೇ ಹೋಗುತ್ತದೆ. ಶೇ 10 ಮಾತ್ರ ಎಳೆತವಾಗುತ್ತದೆ. ಹಾಗಾಗಿ ಬೋಲ್ಟಿನ ತಿರುಪು ಗೆರೆಗಳು ಒಣಗಿದ್ದರೆ ಒಂದು ಬಿಗಿತ, ಆಯಿಲ್ ಹಚ್ಚಿದ್ದರೆ ಇನ್ನೊಂದು ಬಿಗಿತ, ಟಾರ್ಕ್ ರೆಂಚ್ ತೋರಿಸುವ ಅಂಕಿ ಮಾತ್ರ ಒಂದೇ. ಯಾವ ಎಣ್ಣೆ ಹಚ್ಚಿ ಎಷ್ಟು ಬಿಗಿಯಬೇಕೆಂದು ಬೋಲ್ಟ್ ತಯಾರಕರು ಹೇಳಿದ್ದನ್ನೇ ಪಾಲಿಸಬೇಕು. ರಾಡ್ ಬೋಲ್ಟಿನ ಉದ್ದವನ್ನು ಬಿಗಿಯುವ ಮೊದಲು ಮತ್ತು ಬಿಗಿದ ಮೇಲೆ ಅಳೆದು ವ್ಯತ್ಯಾಸ ಬರೆದಿಡುವುದು ಇನ್ನೂ ಒಳ್ಳೆಯದು. ಕೋನದ ಲೆಕ್ಕದಲ್ಲಿ ಹಿಗ್ಗಿಸಿ ಬಿಗಿಯುವ ಜಾತಿಯ ಬೋಲ್ಟನ್ನು ಎರಡನೆಯ ಸಲ ಬಳಸಲೇಬಾರದು.

ವಾಲ್ವ್‌ಗಳನ್ನು, ಅಂದರೆ ಗಾಳಿ, ಹೊಗೆಯ ಬಾಗಿಲುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಬದಲಿಸಿದ್ದರೆ ಅವು ಮೊದಲಿಗಿಂತ ಆಳಕ್ಕೆ ಇಳಿಯಬಹುದು. ಪಿಸ್ಟನ್ ತಲೆಗೆ ಬಡಿಯುತ್ತವೆಯೇ ಎಂದು ನೋಡಲು ಮಕ್ಕಳು ಆಡುವ ಬಣ್ಣದ ಜೇಡಿ ಸಾಕು. ಪಿಸ್ಟನ್ ಮೇಲೆ ಮೆತ್ತಿ, ಹೆಡ್ ಎಂಬ ಮೇಲ್ಮುಚ್ಚಳ ಕೂರಿಸಿ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಒತ್ತಿಹೋದ ಜೇಡಿಯನ್ನು ಬ್ಲೇಡಿನಿಂದ ಸೀಳಿ ದಪ್ಪ ಅಳೆಯುವುದು. ಗಾಳಿ ಒಳಬಿಡುವ ವಾಲ್ವ್‌ಗೆ ಸುಮಾರು 2 ಮಿ.ಮೀ., ಹೊಗೆ ಹೊರಬಿಡುವ ವಾಲ್ವ್‌ಗೆ ಸುಮಾರು 2.5 ಮಿ.ಮೀ. ಇರಬೇಕೆಂಬುದು ರೂಢಿ.

ಪೆಟ್ರೋಲ್, ಒತ್ತಡ, ಘಾಟಿನ ಮೇಲು ಕೆಳಗು

ಎಲ್ಲ ಅಳತೆ ಸರಿಯಿದ್ದೂ ಎಂಜಿನ್ ಹಾಳಾಗುವ ಇನ್ನೊಂದು ದಾರಿ ನಾಕಿಂಗ್. ಕಬ್ಬಿನ ರವದಿಗೆ ಹೊಲದ ಒಂದು ಮೂಲೆಯಿಂದ ಬೆಂಕಿ ಹಚ್ಚಿದರೆ ಉರಿ ಸಾಲಾಗಿ ಸಾಗುತ್ತದೆ. ಸಿಲಿಂಡರಿನಲ್ಲೂ ಕಿಡಿಯಿಂದ ಹೊರಟ ಉರಿ ಹಾಗೆಯೇ ಹರಡಬೇಕು. ಒತ್ತಡ, ಶಾಖ ಮಿತಿಮೀರಿದರೆ ಉರಿ ತಲುಪುವ ಮೊದಲೇ ದೂರದ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಆ ಹೊಡೆತ ಪಿಸ್ಟನ್ನಿಗೆ ಸುತ್ತಿಗೆ ಏಟು. ಪೆಟ್ರೋಲ್ ಇದನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆಯೇ ಆಕ್ಟೇನ್. ನಮ್ಮಲ್ಲಿ ಸಾಮಾನ್ಯ ಪೆಟ್ರೋಲ್ ಬಹಳ ವರ್ಷ 91 ಆಕ್ಟೇನ್‌ನದಾಗಿತ್ತು. 100 ಆಕ್ಟೇನ್‌ನ ಎಕ್ಸ್‌ಪಿ 100 ಪೆಟ್ರೋಲನ್ನು ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ಮೊದಲು ತಂದ ಹತ್ತು ನಗರಗಳಲ್ಲಿ ಮುಂಬೈ, ಪುಣೆ ಎರಡೂ ಇದ್ದವು. ಯಾವ ಪೆಟ್ರೋಲಿಗೆ ಎಂಜಿನ್ ಹೊಂದಿಸಲಾಗಿದೆಯೋ ಅದನ್ನೇ ಹಾಕಬೇಕು.

ಒತ್ತಡದ ಲೆಕ್ಕದಲ್ಲಿ ಅರ್ಧ ಮಿಲಿಮೀಟರ್ ಕೂಡ ದೊಡ್ಡದು. ಇದೇ ಎಂಜಿನ್ನಿನ ಒಂದು ಸಿಲಿಂಡರಿನ ಅಳತೆ 324.7 ಸಿಸಿ. ಪಿಸ್ಟನ್ ಮೇಲೇರಿದಾಗ ಉಳಿಯುವ ಜಾಗ 38 ಸಿಸಿ ಎಂದಿಟ್ಟುಕೊಂಡರೆ ಕಂಪ್ರೆಶನ್ ಅನುಪಾತ, ಅಂದರೆ ಮಿಶ್ರಣ ಎಷ್ಟು ಪಟ್ಟು ಸಣ್ಣ ಜಾಗಕ್ಕೆ ಒತ್ತಲ್ಪಡುತ್ತದೆ ಎಂಬ ಲೆಕ್ಕ, ಸುಮಾರು 9.5. ಗ್ಯಾಸ್ಕೆಟ್ ಅರ್ಧ ಮಿಲಿಮೀಟರ್ ತೆಳುವಾದರೆ ಆ ಜಾಗ 2.15 ಸಿಸಿ ಕುಗ್ಗಿ ಅನುಪಾತ 10 ದಾಟುತ್ತದೆ. ಅದಕ್ಕೇ ಹೆಡ್‌ನ ಗುಂಡಿಗಳ ಮೇಲೆ ಅಕ್ರಿಲಿಕ್ ಹಾಳೆ ಮುಚ್ಚಿ, ಶಾಲೆಯ ಪ್ರಯೋಗಾಲಯದ ಬ್ಯುರೆಟ್‌ನಿಂದ ದ್ರವ ಇಳಿಸಿ ನಾಲ್ಕರ ಗಾತ್ರವನ್ನೂ ಅಳೆಯುತ್ತಾರೆ.

ಪುಣೆಯವರು ಗಮನಿಸಬೇಕಾದ ಒಂದು ತೊಡಕನ್ನೂ ಹೇಳಬೇಕು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮುಂಬೈ, ಪಣಜಿಗಿಂತ ಶೇ 6ರಷ್ಟು ಕಡಿಮೆ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಹಳೆಯ ಬಗೆಯ ಕಾರ್ಬ್ಯುರೇಟರ್ ಇರುವ ಎಂಜಿನ್ನನ್ನು ಇಲ್ಲಿಯ ಗಾಳಿಗೆ ಅಂಚಿನಲ್ಲಿ ಹೊಂದಿಸಿ ಖಂಡಾಲಾ ಘಾಟ್ ಇಳಿದರೆ ಒಳಗೆ ಗಾಳಿ ಹೆಚ್ಚಿ ಪೆಟ್ರೋಲ್ ಸಾಲದಾಗುತ್ತದೆ, ಶಾಖ ಏರುತ್ತದೆ. ಗಾಳಿಯ ಒತ್ತಡವನ್ನು ಅಳೆದು ಪೆಟ್ರೋಲ್ ಲೆಕ್ಕ ಹಾಕುವ ಇಸಿಯು, ಅಂದರೆ ಎಂಜಿನ್ನಿನ ಪುಟ್ಟ ಕಂಪ್ಯೂಟರ್ ಇದ್ದರೆ ಬಹುಮಟ್ಟಿಗೆ ಅದೇ ಸರಿಪಡಿಸಿಕೊಳ್ಳುತ್ತದೆ. ಆದರೂ ಪುಣೆಯಲ್ಲಿ ಹೊಂದಿಸಿದ್ದನ್ನು ಕೆಳಗೆ ಇನ್ನೊಮ್ಮೆ ನೋಡುವುದು ಕ್ಷೇಮ.

ಕಾಯಿಲೆ ಪತ್ತೆ: ಬಿಚ್ಚುವ ಮೊದಲು ಕೇಳಿ

ತೊಂದರೆ ಬಂದೊಡನೆ ಸ್ಪ್ಯಾನರ್ ಹಿಡಿಯುವುದು ತಪ್ಪು. ಬಿಚ್ಚಿದರೆ ಸಾಕ್ಷಿ ಅಳಿಸಿಹೋಗುತ್ತದೆ. ಮೊದಲು ಹೊಗೆ ನೋಡಿ: ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲ್ ಹೆಚ್ಚಾಗಿದೆ, ಸಿಹಿ ವಾಸನೆಯ ದಟ್ಟ ಬಿಳಿಯಾದರೆ ರೇಡಿಯೇಟರಿನ ಕೂಲೆಂಟ್ ಒಳಸೇರುತ್ತಿದೆ. ಸ್ಪಾರ್ಕ್ ಪ್ಲಗ್ ತೆಗೆದು ಅದರ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಅಲ್ಲಿ ಸಾಸಿವೆಗಿಂತ ಸಣ್ಣ ಬೆಳ್ಳಿ ಚುಕ್ಕೆಗಳಿದ್ದರೆ ಅದು ಪಿಸ್ಟನ್ನಿನದೇ ಅಲ್ಯೂಮಿನಿಯಂ. ನಾಕಿಂಗ್ ನಡೆದಿದೆ ಎಂದರ್ಥ.

ನಂತರ ಕಂಪ್ರೆಶನ್ ಪರೀಕ್ಷೆ. ಎಲ್ಲ ಪ್ಲಗ್ ತೆಗೆದು, ಗಾಳಿ ಒಳಬಿಡುವ ಥ್ರಾಟಲ್ ಪೂರ್ತಿ ತೆರೆದು, ಸ್ಟಾರ್ಟರಿನಿಂದ ತಿರುಗಿಸಿ ನಾಲ್ಕೂ ಸಿಲಿಂಡರಿನ ಒತ್ತಡ ಬರೆದುಕೊಳ್ಳುವುದು. ಒಂದು ಅಂಕಿಗಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ಅದು ಶೇ 10–15 ಮೀರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನದು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಸೋತಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು.

ಇದಕ್ಕಿಂತ ನನಗೆ ಹೆಚ್ಚು ನಂಬಿಕೆ ಲೀಕ್‌ಡೌನ್ ಪರೀಕ್ಷೆಯ ಮೇಲೆ. ಪಂಕ್ಚರಾದ ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತೇವಲ್ಲ, ಇದೂ ಹಾಗೇ. ಪಿಸ್ಟನ್ನನ್ನು ಮೇಲಿನ ತುದಿಯಲ್ಲಿ ನಿಲ್ಲಿಸಿ, ಪ್ಲಗ್ ತೂತಿನಿಂದ ಗಾಳಿ ಬಿಟ್ಟು, ಶೇಕಡಾ ಎಷ್ಟು ಸೋರುತ್ತದೆ ಎಂದು ಅಳೆಯುತ್ತಾರೆ. ಚೆನ್ನಾಗಿ ಕಟ್ಟಿದ ಎಂಜಿನ್ನಿನಲ್ಲಿ ಅದು 10ರ ಒಳಗಿರಬೇಕು. ಆಮೇಲೆ ಕಿವಿಗೆ ಕೆಲಸ. ಗಾಳಿ ಒಳಬರುವ ದಾರಿಯಲ್ಲಿ ಸುಯ್ ಎಂದರೆ ಒಳವಾಲ್ವ್, ಸೈಲೆನ್ಸರಿನಲ್ಲಿ ಕೇಳಿದರೆ ಹೊರವಾಲ್ವ್, ಆಯಿಲ್ ಹಾಕುವ ಮುಚ್ಚಳದಲ್ಲಿ ಕೇಳಿದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್.

ಆಯಿಲ್ ಒತ್ತಡದ ದೀಪ ಹತ್ತಿದರೆ ಎಂಜಿನ್ ಆರಿಸಿ, ಮೊದಲು ಆಯಿಲ್ ಮಟ್ಟ ನೋಡಿ, ನೇರ ಮುಳ್ಳಿನ ಗೇಜ್ ಜೋಡಿಸಿ ಅಳೆಯಬೇಕು. ಕೆಟ್ಟ ಸೆನ್ಸರ್ ನಂಬಿ ಒಳ್ಳೆಯ ಎಂಜಿನ್ ಬಿಚ್ಚಿದವರನ್ನು ಕಂಡಿದ್ದೇನೆ. ಮತ್ತೊಂದು ನಿಯಮ: ಒಮ್ಮೆಗೆ ಒಂದನ್ನೇ ಬದಲಿಸಿ. ಮೂರನ್ನು ಬದಲಿಸಿದರೆ ರೋಗ ವಾಸಿಯಾದರೂ ಯಾವ ಮದ್ದು ಹಿಡಿಯಿತೆಂದು ಗೊತ್ತಾಗುವುದಿಲ್ಲ.

ಕಾನೂನು ಏನೆನ್ನುತ್ತದೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಅಥವಾ ಎರಡೂ ವಿಧಿಸುವ ಅವಕಾಶ ಬಂದಿದೆ. ಟರ್ಬೊ ಕೂರಿಸಿದ ಗಾಡಿಯ ಜಾಗ ಸ್ಪರ್ಧೆಯ ಅಂಗಳ. ಖಂಬಾಟ್ಕಿ ಘಾಟ್ ಅಲ್ಲ ಎಂದು ಹುಡುಗನಿಗೆ ನೇರವಾಗಿಯೇ ಹೇಳಿದೆ. ಅವನ ಕಾರು ಈಗ ಟ್ರೇಲರ್ ಮೇಲೆ ಹೋಗಿ ಬರುತ್ತದೆ.

ಎರಡನೆಯ ಸಲ

ದೀಪಾವಳಿಯ ಹೊತ್ತಿಗೆ ಅವನು ಎಂಜಿನ್ನನ್ನು ಮತ್ತೆ ಕಟ್ಟಿಸಿದ. ಈ ಸಲ ಪ್ರತಿ ಅಳತೆಯನ್ನೂ ಉದ್ದ ಗೆರೆಯ ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದ: ಸಿಲಿಂಡರ್ ಒಂದು, ಮೇಲೆ, ಅಡ್ಡ, ಇಷ್ಟು, ರಿಂಗ್ ಸಂದು, ಇಷ್ಟು, ಅಳೆದವರು ಯಾರು, ಎಷ್ಟು ಗಂಟೆಗೆ. ಚಾಲೂ ಮಾಡುವ ಮೊದಲು ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಪ್ಲಗ್ ತೆಗೆದು, ಗೇಜಿನ ಮುಳ್ಳು ಏಳುವವರೆಗೂ ಸ್ಟಾರ್ಟರಿನಿಂದ ತಿರುಗಿಸಿದೆವು. ಆಯಿಲ್ ತಲುಪದ ಹೊಸ ಬೇರಿಂಗ್ ಮೊದಲ ನಿಮಿಷದಲ್ಲೇ ಹಾಳಾಗಬಲ್ಲದು.

ಇಪ್ಪತ್ತು ನಿಮಿಷ ಓಡಿದ ಮೇಲೆ ಆಯಿಲ್ ಇಳಿಸಿ, ಫಿಲ್ಟರಿನ ಡಬ್ಬಿ ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ತಾರಸಿಯ ಮೇಲೆ ದಿನಪತ್ರಿಕೆ ಹಾಸಿ ಬಿಡಿಸಿದೆವು. ಅಯಸ್ಕಾಂತಕ್ಕೆ ಅಂಟುವ ಚೂರು ಕಬ್ಬಿಣ ಅಥವಾ ಉಕ್ಕು, ಅಂಟದೆ ಹೊಳೆಯುವುದು ಪಿಸ್ಟನ್ ಇಲ್ಲವೇ ಬೇರಿಂಗ್. ಹುಡುಗ ಮಡಿಕೆಗಳನ್ನು ಒಂದೊಂದಾಗಿ ಬಿಡಿಸುತ್ತಾ ಅಯಸ್ಕಾಂತ ಆಡಿಸಿದ. ಹೊಸ ರಿಂಗ್ ಗೋಡೆಗೆ ಹೊಂದಿಕೊಳ್ಳುವಾಗ ಬರುವ ಹಿಟ್ಟಿನಂಥ ಬೂದು ಪುಡಿ ಒಂದಿಷ್ಟು ಹತ್ತಿತು. ಹೊಳೆಯುವುದು ಏನೂ ಇರಲಿಲ್ಲ. ಅವನ ತಂದೆ ಕನ್ನಡಕ ಏರಿಸಿಕೊಂಡು ಆ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದರು. ಆಮೇಲೆ ನೋಟುಪುಸ್ತಕ ಈಚೆ ಎಳೆದುಕೊಂಡು, ಮಗನ ಬರಹದ ಕೆಳಗೆ ದಿನಾಂಕವನ್ನು ತಾವೇ ಬರೆದರು.